ಹತ್ತಿಬೀಜದ ಬಿಟಿ ಪ್ರೋಟೀನು: ಪರೀಕ್ಷಾ ವರದಿಯ ಹಿಂದಿನ ಲೆಕ್ಕ

ಮುಂಗಾರಿಗೆ ಮುನ್ನ ರಾಯಚೂರು, ದೇವದುರ್ಗ ಹಾಗೂ ಮಾನ್ವಿಯ ಬೀಜದ ಅಂಗಡಿಗಳಲ್ಲಿ ಹತ್ತಿಬೀಜದ ವಹಿವಾಟು ಬಿರುಸುಗೊಳ್ಳುತ್ತದೆ. ಪೊಟ್ಟಣದ ಮೇಲಿನ ‘ಬಿಟಿ’ ಎಂಬ ಎರಡಕ್ಷರಕ್ಕಾಗಿಯೇ ರೈತನು ಹೆಚ್ಚಿನ ಬೆಲೆ ತೆರುತ್ತಾನೆ. ಬೀಜದ ತೂಕವಾಗಲಿ, ಬಣ್ಣವಾಗಲಿ, ಮೊಳಕೆಯಾಗಲಿ ಆ ಗುಣ ಒಳಗಿದೆಯೇ ಎಂಬುದನ್ನು ತಿಳಿಸಲಾರವು. ವಿವಾದ ಎದ್ದಾಗ ವರ್ತಕನ ಕೈಯಲ್ಲಿ ಉಳಿಯುವುದು ಪ್ರಯೋಗಾಲಯದ ವರದಿ ಮಾತ್ರ.

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಕಾಯಿಕೊರಕ ಹುಳುವಿಗೆ ಮಾರಕವಾದ ಅದರ ಪ್ರೋಟೀನನ್ನು ಹತ್ತಿಗಿಡವೇ ತಯಾರಿಸುವಂತೆ ಮಾಡಿದ ತಳಿಗೆ ಭಾರತದಲ್ಲಿ 2002ರಲ್ಲಿ ಅನುಮೋದನೆ ದೊರೆಯಿತು. ಅದರಲ್ಲಿದ್ದುದು ಕ್ರೈ1ಎಸಿ ಪ್ರೋಟೀನು. 2006ರಲ್ಲಿ ಒಪ್ಪಿಗೆ ಪಡೆದ ಬೋಲ್‌ಗಾರ್ಡ್-2ರಲ್ಲಿ ಕ್ರೈ2ಎಬಿ ಜೊತೆಗೂಡಿತು. ಅನುಮೋದನೆಯಿಲ್ಲದೆ ಮಾರುಕಟ್ಟೆಗೆ ನುಸುಳಿದ, ಕಳೆನಾಶಕ ತಾಳಿಕೊಳ್ಳುವ ಹತ್ತಿಯಲ್ಲಿ ಬೇರೊಂದು ಬ್ಯಾಕ್ಟೀರಿಯಾದಿಂದ ಬಂದ ಮೂರನೆಯ ಪ್ರೋಟೀನೂ ಇರುತ್ತದೆ.

ಈ ಮೂರರ ಗಾತ್ರ ಬೇರೆಬೇರೆ. ಕ್ರೈ1ಎಸಿ ಸುಮಾರು 130 ಕಿಲೋಡಾಲ್ಟನ್, ಕ್ರೈ2ಎಬಿ ಸುಮಾರು 70, ಮೂರನೆಯದು 47ರ ಆಸುಪಾಸು. ಗಾತ್ರದ ಆಧಾರದ ಮೇಲೆ ಇಂತಹವುಗಳನ್ನು ಬೇರ್ಪಡಿಸುವ ವಿಧಾನಗಳಲ್ಲಿ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಒಂದು. ಅಮೆರಿಕದ ಜೇಮ್ಸ್ ಜೋರ್ಗೆನ್ಸನ್ ಮತ್ತು ಕ್ರಿನ್ ಲುಕಾಚ್ 1981ರಲ್ಲಿ ಇದರ ಸಾಮರ್ಥ್ಯವನ್ನು ಪ್ರಕಟಪಡಿಸಿದರು. ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ನಳಿಗೆಯಲ್ಲಿ ಜೆಲ್‌ನಂತಹ ದ್ರಾವಣ ತುಂಬಿ, ಎರಡು ತುದಿಗಳಿಗೆ ಸಾವಿರಾರು ವೋಲ್ಟ್ ವಿದ್ಯುತ್ ಕೊಡಲಾಗುತ್ತದೆ. ಮಾರ್ಜಕವೊಂದನ್ನು ಸೇರಿಸಿ ಪ್ರೋಟೀನುಗಳಿಗೆಲ್ಲ ಋಣ ವಿದ್ಯುದಂಶ ನೀಡಿರುವುದರಿಂದ ಅವೆಲ್ಲ ಧನ ತುದಿಯತ್ತ ಸಾಗುತ್ತವೆ. ಸಂತೆಯ ಜನಜಂಗುಳಿಯಲ್ಲಿ ಮಕ್ಕಳು ನುಸುಳಿ ಮುಂದೆ ಹೋಗುವಂತೆ, ಮೂಟೆ ಹೊತ್ತ ಹಮಾಲರು ಹಿಂದುಳಿಯುವಂತೆ, ಚಿಕ್ಕವು ಮೊದಲು, ದೊಡ್ಡವು ನಂತರ ತಲುಪುತ್ತವೆ. ನಳಿಗೆಯ ಕೊನೆಯ ಬಳಿ ಒಂದೊಂದೂ ದಾಟುವಾಗ ನಕ್ಷೆಯಲ್ಲಿ ಒಂದೊಂದು ಶಿಖರ ಮೂಡುತ್ತದೆ.

ಹಾಗಾದರೆ ಬೀಜದ ಹಿಟ್ಟನ್ನೇ ಇದಕ್ಕೆ ಹಾಕಿದರೆ ಸಾಲದೇ? ಸಾಲದು. ಹತ್ತಿಬೀಜದಲ್ಲಿ ಅದರದೇ ಪ್ರೋಟೀನು ಹೇರಳವಾಗಿದೆ; ಬಿಟಿ ಪ್ರೋಟೀನು ಗ್ರಾಮಿಗೆ ಮೈಕ್ರೋಗ್ರಾಮುಗಳ ಲೆಕ್ಕದ್ದು. ಆ ರಾಶಿಯಲ್ಲಿ ಅದರ ಶಿಖರ ಮುಚ್ಚಿಹೋಗುತ್ತದೆ. ಆದ್ದರಿಂದ ಬೀಜಕ್ಕೆ ಪ್ರತಿಕಾಯ ಆಧಾರಿತ ಪಟ್ಟಿ ಪರೀಕ್ಷೆ ಮತ್ತು ಎಲೈಸಾ ಬಳಕೆಯಲ್ಲಿವೆ. ಪಟ್ಟಿಯು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಲೈಸಾ ಪ್ರಮಾಣವನ್ನು ಹೇಳುತ್ತದೆ. ಆದರೆ ಎಲೈಸಾ ಅಳೆಯುವುದು ಶುದ್ಧ ಪ್ರೋಟೀನಿನ ಮಾನಕವೊಂದಕ್ಕೆ ಹೋಲಿಸಿ. ಆ ಮಾನಕ ಎಷ್ಟು ಶುದ್ಧ ಎಂಬುದನ್ನು ನೋಡುವಲ್ಲಿ ಎಲೆಕ್ಟ್ರೋಫೊರೆಸಿಸ್ ಉಪಯೋಗಕ್ಕೆ ಬರುತ್ತದೆ. ತಕ್ಕಡಿ ಎಷ್ಟೇ ಚೆನ್ನಾಗಿದ್ದರೂ ಬಟ್ಟಿಗೆ ಇಲಾಖೆಯ ಮುದ್ರೆ ಬೇಕಲ್ಲವೇ? ಯಾವ ಪ್ರೋಟೀನು, ಯಾವ ವಿಧಾನ, ಯಾವ ಲಾಟ್ ಎಂಬ ವಿವರವಿಲ್ಲದೆ ‘ಬಿಟಿ ಇದೆ’ ಎಂದಷ್ಟೇ ಬರೆದ ವರದಿ ಮುದ್ರೆಯಿಲ್ಲದ ಬಟ್ಟಿಗೆ ಸಮ.

ಇನ್ನೊಂದು ಮಾತು. 2015ರ ಹಂಗಾಮಿನಲ್ಲಿ ರಾಯಚೂರು ಭಾಗದ ಬಿಟಿ ಹತ್ತಿಗೂ ಗುಲಾಬಿ ಕಾಯಿಕೊರಕ ಬಿದ್ದಿತು. ಹುಳುವೇ ನಿರೋಧಕ ಶಕ್ತಿ ಬೆಳೆಸಿಕೊಂಡರೆ, ಬೀಜದಲ್ಲಿ ಪ್ರೋಟೀನು ಸರಿಯಾಗಿದ್ದರೂ ಬೆಳೆ ಹೋಗಬಹುದು. ಬೀಜ ಕಳಪೆಯೇ ಅಥವಾ ಹುಳು ಬಲಿತಿದೆಯೇ ಎಂಬುದನ್ನು ಬೇರ್ಪಡಿಸುವುದಕ್ಕೂ ಅದೇ ವರದಿ ಬೇಕು.

ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಬೀಜ ಕೊಂಡ ರೈತನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ತೀರ್ಪಿತ್ತಿತು. ಪರೀಕ್ಷೆಗಾಗಿ ಬಿತ್ತನೆ ಬೀಜದಲ್ಲಿ ಸ್ವಲ್ಪ ತೆಗೆದಿಡಬೇಕಿತ್ತೆಂದು ರೈತನಿಂದ ನಿರೀಕ್ಷಿಸಲಾಗದೆಂದೂ ಹೇಳಿತು. ಅಂದಮೇಲೆ ತೆಗೆದಿಡಬೇಕಾದವನು ವ್ಯಾಪಾರಿಯೇ. 1983ರ ಬೀಜ ನಿಯಂತ್ರಣ ಆದೇಶದಂತೆ ಬಿಲ್ಲು ಕೊಡುವುದು, ದಾಸ್ತಾನು ಲೆಕ್ಕ ಇಡುವುದು ಹೇಗೂ ಕಡ್ಡಾಯ. ಬಿಲ್ಲಿನಲ್ಲಿ ಲಾಟ್ ಸಂಖ್ಯೆ ಬರೆದು, ಪ್ರತಿ ಲಾಟಿನಿಂದ ಒಡೆಯದ ಒಂದು ಪೊಟ್ಟಣವನ್ನು ಖರೀದಿ ಬಿಲ್ಲಿನೊಡನೆ ಹಂಗಾಮು ಮುಗಿಯುವವರೆಗಾದರೂ ಇಟ್ಟುಕೊಂಡರೆ ಆಗುವ ಖರ್ಚು ಒಂದು ಪೊಟ್ಟಣದ ಬೆಲೆ. ಆದರೆ ತಗಡಿನ ಛಾವಣಿಯ ಕೆಳಗೆ ಬೇಡ. ರಾಯಚೂರಿನ ಬಿಸಿಲು ಮಾದರಿಯನ್ನೇ ಕೆಡಿಸೀತು.