ಇಳಿಯುವ ವಿಮಾನ, ನೋಯುವ ಕಿವಿ

ಬೀದರಿನ ಚಿದ್ರಿಯವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಸೇನೆಯ ತರುಣರು ಹಾರಾಟದ ಶಿಕ್ಷಣ ಪಡೆಯುವ ನೆಲೆ ಅಲ್ಲಿ ದಶಕಗಳಿಂದ ಇದೆ. ಸಾಮಾನ್ಯ ಪ್ರಯಾಣಿಕರಿಗೆ ಅಲ್ಲಿಂದ ಬೆಂಗಳೂರಿಗೆ ವಿಮಾನ ದೊರೆತುದು 2020ರ ಫೆಬ್ರವರಿ 7ರಂದು. ಆ ಸಂಚಾರ ನಡುವೆ ನಿಂತು ಮತ್ತೆ ಮೊದಲಾದುದೂ ಉಂಟು. ಭಾಲ್ಕಿಯಿಂದಲೋ ಔರಾದಿನಿಂದಲೋ ಬಂದು ಮೊದಲ ಸಲ ವಿಮಾನವೇರಿದವನಿಗೆ ಮೇಲೇರುವಾಗ ಕಿವಿಯಲ್ಲಿ ಟಪ್ಪೆಂದಂತಾಗಿ ಸುಮ್ಮನಾಗುತ್ತದೆ. ಆದರೆ ಇಳಿಯುವಾಗ ಕೆಲವರಿಗೆ ಸೂಜಿ ಚುಚ್ಚಿದಂಥ ನೋವು. ಏರುವಾಗ ಇಲ್ಲದ ನೋವು ಇಳಿಯುವಾಗ ಏಕೆ?

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ; ಅದೇ ಮಧ್ಯಕರ್ಣ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ, ಗಂಟಲಿನ ಮೇಲ್ತುದಿಗೆ, ಒಂದು ಕಿರುನಾಳ ಇಳಿದಿದೆ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಯೂಸ್ಟೇಕಿಯ ಹೆಸರು ಅದಕ್ಕೆ ನಿಂತಿದೆ. ಈ ನಾಳ ಸದಾ ತೆರೆದಿರುವುದಿಲ್ಲ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ, ಸ್ನಾಯುಗಳು ಎಳೆದು ಅದನ್ನು ಕ್ಷಣಕಾಲ ತೆರೆಯುತ್ತವೆ. ಸೈಕಲ್ಲಿನ ವಾಲ್ವು ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡದು. ಕಿವಿಯ ನಾಳದ ಸ್ವಭಾವ ಇದಕ್ಕೆ ತದ್ವಿರುದ್ಧ. ವಿಮಾನವೇರಿದಂತೆ ಸುತ್ತಲಿನ ಒತ್ತಡ ತಗ್ಗಿ, ಮಧ್ಯಕರ್ಣದ ಗಾಳಿ ಹಿಗ್ಗಿ, ನಾಳವನ್ನು ತಾನೇ ತಳ್ಳಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಹೋಗಬೇಕು. ಆದರೆ ಅದರ ಒತ್ತಡವೇ ನಾಳದ ಮೃದುವಾದ ಬಾಯಿಯನ್ನು ಅಮುಕಿ ಮುಚ್ಚುತ್ತದೆ. ತಮಟೆ ಒಳಕ್ಕೆ ಸೆಳೆಯಲ್ಪಟ್ಟು ನೋಯುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುವುದೂ ಇದರಿಂದಲೇ.

ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ, ನಿಜ. ಆದರೂ ಒಳಗಿನ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ. ಸಾಮಾನ್ಯವಾಗಿ ಅದು ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ, ಎಂದರೆ ಪಾದರಸದ 565 ಮಿಲಿಮೀಟರಿಗೆ, ಇಳಿಯಬಹುದು. ಬೀದರಿನ ನಿಲ್ದಾಣ ಸಮುದ್ರಮಟ್ಟಕ್ಕಿಂತ ಸುಮಾರು 660 ಮೀಟರ್ ಮೇಲಿದೆ. ಅಲ್ಲಿಯ ಒತ್ತಡ ಸುಮಾರು 700 ಮಿಲಿಮೀಟರ್. ಮುಂಬಯಿಯಲ್ಲಿ 760. ಆದ್ದರಿಂದ ಪ್ರಸ್ಥಭೂಮಿಯ ಬೀದರಿಗೆ ಇಳಿಯುವವನ ಕಿವಿ 135 ಮಿಲಿಮೀಟರಿನಷ್ಟು ವ್ಯತ್ಯಾಸವನ್ನು ಸರಿದೂಗಿಸಬೇಕಾದರೆ, ಕಡಲ ತೀರಕ್ಕೆ ಇಳಿಯುವವನದು 195ರಷ್ಟನ್ನು ಸರಿದೂಗಿಸಬೇಕು.

ಇಲ್ಲಿ ನೆನಪಿಡಬೇಕಾದ ಸಂಖ್ಯೆಗಳು ಎರಡು. ಒಳಹೊರಗಿನ ಅಂತರ ಸುಮಾರು 60 ಮಿಲಿಮೀಟರ್ ಆದಾಗ ನೋವು ತೋರುತ್ತದೆ. ಸುಮಾರು 90 ಆಯಿತೆಂದರೆ ನಾಳ ಬೀಗ ಹಾಕಿದಂತೆ. ಎಷ್ಟು ನುಂಗಿದರೂ ಸ್ನಾಯುಗಳ ಬಲಕ್ಕೆ ಅದು ತೆರೆಯದು. ಆದುದರಿಂದ ಉಪಾಯವೆಲ್ಲ ನೋವಿಗೆ ಮುಂಚೆಯೇ ನಡೆಯಬೇಕು. ನಿದ್ದೆಯಲ್ಲಿ ನಾವು ಉಗುಳು ನುಂಗುವುದೇ ವಿರಳ. ವಿಮಾನ ಇಳಿಯತೊಡಗಿದಾಗ ಮಲಗಿದ್ದವನು ಎಚ್ಚೆತ್ತುಕೊಳ್ಳುವ ವೇಳೆಗೆ ಬೀಗ ಬಿದ್ದಿರಬಹುದು. ಇಳಿಯುವ ಸೂಚನೆ ಕೇಳಿದೊಡನೆ ಎಚ್ಚರವಾಗಿದ್ದು ಪದೇ ಪದೇ ನುಂಗುವುದು, ಆಕಳಿಸುವುದು, ಏನನ್ನಾದರೂ ಚೀಪುವುದು ಒಳ್ಳೆಯದು. ಹಿಂದೆ ವಿಮಾನದಲ್ಲಿ ಹತ್ತಿಯನ್ನೂ ಪೆಪ್ಪರಮೆಂಟನ್ನೂ ಹಂಚುವ ವಾಡಿಕೆಯಿತ್ತು. ಹತ್ತಿ ಸದ್ದಿಗೆ; ನೋವಿಗೆ ಮದ್ದು ಪೆಪ್ಪರಮೆಂಟೇ. ಹಸುಗೂಸಿಗೆ ಆ ಹೊತ್ತಿನಲ್ಲಿ ಹಾಲೂಡಿಸಬೇಕು. ಅಳುವ ಮಗುವನ್ನು ಗದರಿಸುವುದು ವ್ಯರ್ಥ. ಅಳುವಿನಿಂದಲೂ ಕಿವಿ ಸಡಿಲಾಗುವುದುಂಟು.

ನುಂಗಿದರೂ ಸಾಲದಾದರೆ ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿಯನ್ನು ಒತ್ತಬೇಕು. ಇದನ್ನು 1704ರಲ್ಲಿ ಕಿವಿಯನ್ನು ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದವನು ವಾಲ್ಸಾಲ್ವ. ಆಗ ಬೆಲೂನು ಕೂಡ ಹುಟ್ಟಿರಲಿಲ್ಲ! ಮೆಲ್ಲಗೆ ಎಂಬ ಮಾತನ್ನು ಮರೆಯಬಾರದು. ಬಲವಾಗಿ ಒತ್ತಿದರೆ ಒಳಕಿವಿಗೆ ಹಾನಿಯಾದೀತು.

ನೆಗಡಿಯಾದಾಗ ನಾಳದ ಒಳಪೊರೆ ಊದಿಕೊಂಡು ಈ ಉಪಾಯಗಳು ಸೋಲಬಹುದು. ಅದಕ್ಕೇ ನೆಗಡಿ ಹಿಡಿದ ವಿಮಾನಚಾಲಕ ಹಾರಾಟದಿಂದ ದೂರವಿರಬೇಕು. ಪ್ರಯಾಣಿಕನೂ ಸಾಧ್ಯವಾದರೆ ಪ್ರಯಾಣವನ್ನು ಮುಂದೂಡುವುದು ಮೇಲು. ಆಗದಿದ್ದರೆ ಮೂಗಿಗೆ ಹಾಕುವ ಹನಿಯ ವಿಚಾರವನ್ನು ವೈದ್ಯರಲ್ಲಿ ಮೊದಲೇ ಕೇಳಬೇಕು, ಏಕೆಂದರೆ ಹನಿಯೂ ಇಳಿಯುವ ಮುನ್ನವೇ ಕೆಲಸ ಮಾಡಿರಬೇಕು. ಇಳಿದ ಮೇಲೆ ಕಿವಿ ಕೆಲವು ಗಂಟೆ ಕಟ್ಟಿಕೊಂಡಿದ್ದರೆ ಗಾಬರಿಯಿಲ್ಲ. ಕಿವಿಯಿಂದ ರಕ್ತ ಬಂದರೆ, ತಲೆ ಸುತ್ತಿದರೆ, ಕೇಳಿಸುವುದು ಕುಂದಿದರೆ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಬೇಕು.