ಮಿರರ್ ಇದೆಯೆಂದು ನಿಶ್ಚಿಂತೆ ಬೇಡ

ನಾನು ಕಾಮರ್ಸ್ ವಿದ್ಯಾರ್ಥಿ. ಕಂಪ್ಯೂಟರ್ ರಿಪೇರಿ ನನ್ನ ಪಠ್ಯದಲ್ಲಿಲ್ಲ. ಆದರೆ ಅಬ್ಬಾ ಅವರ ಬಟ್ಟೆ ಅಂಗಡಿಯ ಲೆಕ್ಕವೆಲ್ಲ ಇರುವುದು ನಮ್ಮ ಮನೆಯ ಕಂಪ್ಯೂಟರಿನಲ್ಲಿ. ಜಿಎಸ್‌ಟಿ ಕಾನೂನಿನ ಪ್ರಕಾರ ನೋಂದಾಯಿತ ವ್ಯಾಪಾರಿ ಒಂದು ವರ್ಷದ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಿಕೊಳ್ಳಬೇಕು. ಅಷ್ಟು ವರ್ಷಗಳ ಲೆಕ್ಕ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದು, ಅದು ಒಂದು ದಿನ ಕೈಕೊಟ್ಟರೆ? ಅದಕ್ಕೇ ಭಾಯಿಜಾನ್ 1 ಟಿಬಿಯ ಎರಡು ಡಿಸ್ಕ್ ಹಾಕಿಸಿ ಮಿರರ್ ಮಾಡಿಸಿದ್ದರು. "ಇನ್ನು ಬ್ಯಾಕಪ್ ಚಿಂತೆ ಇಲ್ಲ" ಎಂದು ಕಂಪ್ಯೂಟರ್ ಜೋಡಿಸಿದವರು ಹೇಳಿ ಹೋದರು. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದೇ ಈ ಲೇಖನ.

ಮಿರರ್ ಎಂದರೇನು?

ಮಿರರ್ ಎಂದರೆ ಕನ್ನಡಿ. ನೀವು ಒಂದು ಫೈಲ್ ಸೇವ್ ಮಾಡಿದಾಗ ಕಂಪ್ಯೂಟರ್ ಅದನ್ನು ಎರಡೂ ಡಿಸ್ಕಿನಲ್ಲಿ ಒಟ್ಟಿಗೆ ಬರೆಯುತ್ತದೆ. ಒಂದು ಕೆಟ್ಟರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಎರಡು ಡಿಸ್ಕಿಗೆ ದುಡ್ಡು ಕೊಟ್ಟರೂ ಸಿಗುವ ಜಾಗ ಒಂದರಷ್ಟೇ. ಇದಕ್ಕೆ ರೇಡ್ 1 ಎಂದೂ ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಬರೆದ ಪ್ರಬಂಧದಲ್ಲಿ ಮಿರರ್ ಮಾಡಿದ ಡಿಸ್ಕುಗಳೇ ರೇಡ್‌ನ ಮೊದಲ ಮಟ್ಟ.

ಅಸಲು, ನಕಲು ಎಂಬ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಆದರೆ ಮಿರರ್‌ನಲ್ಲಿ ಅಸಲು ಇದು, ನಕಲು ಅದು ಎಂಬ ಭೇದವಿಲ್ಲ. ಎರಡೂ ಸಮ. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಸದ್ದಿಲ್ಲದೆ ಮುರಿಯುತ್ತದೆ

ರಂಜಾನ್ ತಿಂಗಳು ಬಟ್ಟೆ ಅಂಗಡಿಗೆ ಸುಗ್ಗಿ. ಉದ್ರಿ ವ್ಯಾಪಾರವೂ ಆಗಲೇ ಹೆಚ್ಚು. ಯಾರು ಎಷ್ಟು ಬಾಕಿ ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಆ ತಿಂಗಳ ಕೊನೆಗೆ, ಎಷ್ಟು ಜಾಗ ಉಳಿದಿದೆ ಎಂದು ನೋಡಲು ನಾನು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. 'ಹೆಲ್ದಿ' ಎಂದು ಇರಬೇಕಾದ ಕಡೆ 'ಫೇಲ್ಡ್ ರಿಡಂಡೆನ್ಸಿ' ಎಂದಿತ್ತು. ಎಂದರೆ ಒಂದು ಡಿಸ್ಕ್ ಜೋಡಿಯಿಂದ ಹೊರಬಿದ್ದಿದೆ. ಈವೆಂಟ್ ವ್ಯೂವರ್‌ನಲ್ಲಿ ನೋಡಿದರೆ ಹಾಗಾಗಿ ಹತ್ತೊಂಬತ್ತು ದಿನ ಕಳೆದಿತ್ತು! ಅಷ್ಟು ದಿನವೂ ಕಂಪ್ಯೂಟರ್ ಎಂದಿನಂತೆ ನಡೆಯಿತು. ಒಂದು ಡಿಸ್ಕ್ ಬಿದ್ದರೂ ಕೆಲಸ ನಿಲ್ಲದಿರುವುದೇ ಮಿರರ್‌ನ ಗುಣ. ಅದೇ ಕಾರಣಕ್ಕೆ ಅದು ಬಿದ್ದದ್ದು ನಮಗೆ ತಿಳಿಯುವುದೂ ಇಲ್ಲ.

ಹಾಗಾದಾಗ ಮಾಡಬೇಕಾದ್ದು

ಮೊದಲು, ಏನನ್ನೂ ಮುಟ್ಟುವ ಮುಂಚೆ ಮುಖ್ಯ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಅಥವಾ ಪೆನ್ ಡ್ರೈವಿಗೆ ಕಾಪಿ ಮಾಡಿ. ಈಗ ಉಳಿದಿರುವುದು ಒಂದೇ ತಾಜಾ ಪ್ರತಿ. ಮುಂದೆ ಮಿರರ್ ಜೋಡಿಸುವಾಗ ಅದನ್ನು ತುದಿಯಿಂದ ತುದಿಗೆ ಓದಬೇಕಾಗುತ್ತದೆ. ಅದೂ ಹಳೆಯದಾಗಿದ್ದರೆ ಕೈಕೊಡುವುದು ಆಗಲೇ.

ಎರಡನೆಯದು, ಹೊರಬಿದ್ದ ಡಿಸ್ಕ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಎರಡೂ ನೋಡಲು ಒಂದೇ ತರಹ ಇರುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ತೋರಿಸುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲೂ ಅದೇ ನಂಬರ್ ಇರುತ್ತದೆ. ಬರೆದುಕೊಂಡು ತಾಳೆ ನೋಡಿ. ಸರಿಯಿರುವ ಡಿಸ್ಕನ್ನೇ ಕಿತ್ತು ಹಾಕಿದರೆ ಉಳಿಯುವುದು ಹಳೇ ಲೆಕ್ಕ. ನಮ್ಮ ಮನೆಯಲ್ಲಾದರೆ ಹತ್ತೊಂಬತ್ತು ದಿನಗಳ ಉದ್ರಿ ಅದರಲ್ಲಿ ಇರುತ್ತಲೇ ಇರಲಿಲ್ಲ.

ಮೂರನೆಯದು, ಕೆಟ್ಟದ್ದು ಡಿಸ್ಕೋ, ಕೇಬಲ್ಲೋ ನೋಡಿ. ಅದೇ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯದ ಪಟ್ಟಿ ಬರುತ್ತದೆ. 'ರಿಅಲೊಕೇಟೆಡ್ ಸೆಕ್ಟರ್ಸ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲುಗಳ ಕೊನೆಯ ಅಂಕಣ ಏರುತ್ತಿದ್ದರೆ ಡಿಸ್ಕೇ ಸವೆಯುತ್ತಿದೆ ಎಂದರ್ಥ, ಬದಲಾಯಿಸಿ. ಅವೆರಡೂ ಸೊನ್ನೆ ಇದ್ದು 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಬಹುತೇಕ ದೋಷ ಸಾಟಾ ಕೇಬಲ್ಲಿನದು. ನಮ್ಮಲ್ಲಿ ಆಗಿದ್ದು ಇದೇ. ಹೊಸ ಡಿಸ್ಕ್ ಕೊಳ್ಳುವ ಬದಲು ಹೊಸ ಕೇಬಲ್ ಹಾಕಿದೆವು. ಈ ಸಿಆರ್‌ಸಿ ಅಂಕಿ ಕೇಬಲ್ ಬದಲಿಸಿದರೂ ಕೆಳಗೆ ಇಳಿಯುವುದಿಲ್ಲ. ಮತ್ತೆ ಏರದಿದ್ದರೆ ಸಾಕು.

ನಾಲ್ಕನೆಯದು, ಮತ್ತೆ ಜೋಡಿಸಿ. ಡಿಸ್ಕ್ ಸರಿಯಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಆಕ್ಟಿವೇಟ್ ಡಿಸ್ಕ್' ಒತ್ತಬೇಕು. ಡಿಸ್ಕ್ ಬದಲಿಸಿದ್ದರೆ, ಹಳೆಯದನ್ನು 'ರಿಮೂವ್ ಮಿರರ್' ಮೂಲಕ ತೆಗೆದು, ಹೊಸದನ್ನು 'ಆಡ್ ಮಿರರ್' ಮೂಲಕ ಸೇರಿಸಬೇಕು. 'ರಿಮೂವ್' ಒತ್ತಿದಾಗ ಆರಿಸಿದ ಡಿಸ್ಕಿನ ಪ್ರತಿ ಅಳಿಯುತ್ತದೆ, ಆದ್ದರಿಂದ ಹೆಸರನ್ನು ಎರಡು ಸಲ ಓದಿ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಆಮೇಲೆ ಕಾಯಬೇಕು. ಸೆಕೆಂಡಿಗೆ 100 ಎಂಬಿಯಂತೆ ಬರೆದರೂ 1 ಟಿಬಿಗೆ 10,000 ಸೆಕೆಂಡ್, ಅಂದರೆ ಸುಮಾರು ಎರಡು ಮುಕ್ಕಾಲು ಗಂಟೆ. ನಡುವೆ ಕರೆಂಟ್ ಹೋಗದಂತೆ ಯುಪಿಎಸ್ ಇದ್ದರೆ ಒಳ್ಳೆಯದು.

ಇಲ್ಲಿ ಹೇಳಿದ್ದು ವಿಂಡೋಸ್ ಪ್ರೊ ಆವೃತ್ತಿಗೆ. ಹೋಮ್ ಆವೃತ್ತಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಮಿರರ್ ಮಾಡಲು ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ 'ಸ್ಟೋರೇಜ್ ಸ್ಪೇಸಸ್' ಬಳಸಬೇಕು. ಡಿಸ್ಕ್ ಹೊರಬಿದ್ದರೆ ಅಲ್ಲೂ ಎಚ್ಚರಿಕೆ ಕಾಣಿಸುತ್ತದೆ.

ಮಿರರ್ ಮಾಡದ ಕೆಲಸ

ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತೆಂದರೆ ಲೆಕ್ಕವೆಲ್ಲ ಸರಿ ಎಂದು ಅರ್ಥವಲ್ಲ ಎಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. ಒಂದು ಬಿಲ್ಲನ್ನು ಪೂರ್ತಿಯಾಗಿ ಬಿಟ್ಟರೂ ಎರಡೂ ಬದಿ ಸಮವಾಗಿಯೇ ಇರುತ್ತವೆ. ಮಿರರ್ ಕೂಡ ಹಾಗೆಯೇ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ವೈರಸ್ ಫೈಲುಗಳಿಗೆ ಬೀಗ ಹಾಕಿದರೆ ಎರಡೂ ಕಡೆ ಬೀಗ ಬೀಳುತ್ತದೆ. ಸಿಡಿಲು, ಕಳ್ಳತನ, ನೀರು ಬಂದರೆ ಎರಡೂ ಇರುವುದು ಒಂದೇ ಡಬ್ಬದಲ್ಲಿ.

ಇನ್ನೂ ಒಂದು ಮಾತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ತಪ್ಪು ಇದೆಯೆಂದು ತಿಳಿಯುತ್ತದೆ, ಎಲ್ಲಿದೆಯೆಂದು ತಿಳಿಯುವುದಿಲ್ಲ. ಡಿಸ್ಕ್ ಯಾವ ದೂರನ್ನೂ ಕೊಡದೆ ಎರಡು ಪ್ರತಿಗಳು ಬೇರೆ ಬೇರೆಯಾದರೆ, ಯಾವುದು ಸರಿ ಎಂದು ಹೇಳಲು ಸಾಮಾನ್ಯ ಮಿರರ್‌ಗೂ ದಾರಿಯಿಲ್ಲ. ಆಗ ಬೇಕಾಗುವ ಸಾಕ್ಷಿ ಬೇರೆ ಕಡೆ ಇಟ್ಟ ಮೂರನೆಯ ಪ್ರತಿ. ಬ್ಯಾಕಪ್ ಎಂದರೆ ಅದು: ಬೇರೆ ದಿನದ್ದು, ಬೇರೆ ಜಾಗದ್ದು, ಕಂಪ್ಯೂಟರಿಗೆ ಸದಾ ಅಂಟಿಕೊಂಡಿರದ ಪ್ರತಿ.

ಈಗ ನಮ್ಮ ಮನೆಯ ಪದ್ಧತಿ ಸರಳ. ಅಂಗಡಿಯ ಬ್ಯಾಂಕ್ ತಾಳೆಪಟ್ಟಿ ಮಾಡುವ ದಿನವೇ ನಾನು ಮಿರರ್‌ನ ಸ್ಥಿತಿ ನೋಡುತ್ತೇನೆ. ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅದರಿಂದ ಒಂದು ಫೈಲ್ ತೆರೆದು ಪರೀಕ್ಷಿಸುತ್ತೇನೆ. ಆ ಡಿಸ್ಕ್ ಇರುವುದು ನಮ್ಮ ಮನೆಯಲ್ಲಲ್ಲ, ಖಾಲಾ ಅವರ ಮನೆಯ ಬೀರುವಿನಲ್ಲಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ನಿಮ್ಮ ಮನೆಯಲ್ಲೂ ಮಿರರ್ ಇದ್ದರೆ, ಇವತ್ತು ಸಂಜೆ ಒಮ್ಮೆ ತೆರೆದು ನೋಡಿ: 'ಹೆಲ್ದಿ' ಎಂದಿದೆಯೇ?