ಮನೆಯಲ್ಲೇ ಕಾರು ಕಟ್ಟಬಹುದಾ? ಚಾಸಿ, ಹಿಂದಿನ ಸಸ್ಪೆನ್ಷನ್ ಲೆಕ್ಕ ಇಲ್ಲಿದೆ ನೋಡ್ರಿ

ಹುಬ್ಬಳ್ಳಿ: ಹಳೇ ಬೈಕ್ ಎಂಜಿನ್, ಆಟೊ ಗಾಲಿ, ನಾಲ್ಕು ಉದ್ದ ಕಬ್ಬಿಣದ ಪೈಪು, ಒಂದು ವೆಲ್ಡಿಂಗ್ ಮಷೀನ್. ಇಷ್ಟಿದ್ದರೆ ಕಾರು ರೆಡಿ ಅನ್ನುವ ವಿಡಿಯೊಗಳು ಮೊಬೈಲ್‌ನಲ್ಲಿ ದಿನಾ ಬರುತ್ತವೆ. ದುರ್ಗದಬೈಲಿನ ಇಕ್ಕಟ್ಟಿನ ಓಣಿಗಳಲ್ಲಿ ಮಾಲು ಸಾಗಿಸೋ ವ್ಯಾಪಾರಸ್ಥರಿಗೆ ‘ಇಂಥದ್ದೊಂದು ಸಣ್ಣ ಗಾಡಿ ನಮಗೂ ಇದ್ದರೆ’ ಅನ್ನಿಸೋದು ಸಹಜ. ಆದರೆ ಎಂಜಿನ್ ಓಡಿಸೋದು ಸುಲಭದ ಕೆಲಸ. ಗುಂಡಿಗೆ ಬಿದ್ದರೂ ಗಾಡಿ ಮುರಿಯಬಾರದು, ತಿರುವಿನಲ್ಲಿ ಪಲ್ಟಿ ಆಗಬಾರದು ಅಂದರೆ ಚಾಸಿ ಮತ್ತು ಹಿಂದಿನ ಸಸ್ಪೆನ್ಷನ್ ಸರಿ ಇರಬೇಕು.

ಮಾಡಿದವರು ಇದ್ದಾರೆ. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ್ ಸುಮಾರು 60 ಸಾವಿರ ರೂಪಾಯಿಯಲ್ಲಿ, ಹಳೇ ಸಾಮಾನು ಜೋಡಿಸಿ, ಕಿಕ್ ಹೊಡೆದು ಚಾಲೂ ಮಾಡುವ ಸಣ್ಣ ಜೀಪು ಕಟ್ಟಿದ್ದರು. 2021ರ ಡಿಸೆಂಬರ್‌ನಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿದರು. ಜೊತೆಗೆ, ನಿಯಮಕ್ಕೆ ಒಗ್ಗದ ಗಾಡಿಯನ್ನು ಅಧಿಕಾರಿಗಳು ಒಂದಿಲ್ಲೊಂದು ದಿನ ತಡೆಯುತ್ತಾರೆ ಎಂದೂ ಹೇಳಿ, ಬದಲಿಗೆ ಬೊಲೆರೊ ಕೊಟ್ಟರು.

ರಟ್ಟಿನ ಡಬ್ಬಿ ಹೇಳುವ ಪಾಠ

ಅಂಗಡಿಯ ರಟ್ಟಿನ ಡಬ್ಬಿಯೊಂದನ್ನು ಮುಚ್ಚಳ ತೆಗೆದು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡ್ರಿ. ಸಲೀಸಾಗಿ ತಿರುಚುತ್ತದೆ. ಮುಚ್ಚಳ ಹಾಕಿ ಟೇಪ್ ಹಚ್ಚಿ ಮತ್ತೆ ತಿರುಚಿದರೆ ಜಗ್ಗೋದಿಲ್ಲ. ಚಾಸಿಯ ಮುಖ್ಯ ಗುಟ್ಟು ಇದೇ. ಎರಡು ಉದ್ದ ಪೈಪಿಗೆ ನಾಲ್ಕು ಅಡ್ಡಪೈಪು ಬೆಸೆದ ಏಣಿ ಮಾದರಿಯ ಚಾಸಿ ಭಾರ ಹೊರುತ್ತದೆ, ಆದರೆ ಒಂದು ಗಾಲಿ ಗುಂಡಿಗೆ ಇಳಿದಾಗ ಮುಚ್ಚಳ ತೆಗೆದ ಡಬ್ಬಿಯಂತೆ ತಿರುಚಿಕೊಳ್ಳುತ್ತದೆ. ದಿನಾ ತಿರುಚಿ ತಿರುಚಿ ಕೊನೆಗೆ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಡುತ್ತದೆ.

ಇದಕ್ಕೆ ಪರಿಹಾರ ತ್ರಿಕೋನ. ಅಲುಗಾಡುವ ಕಬ್ಬಿಣದ ರ್‍ಯಾಕ್‌ಗೆ ಹಿಂದುಗಡೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಹಂಗ. ಪೈಪುಗಳನ್ನು ಹೀಗೆ ತ್ರಿಕೋನವಾಗಿ ಹೆಣೆದ ಗೂಡಿಗೆ ಸ್ಪೇಸ್ ಫ್ರೇಮ್ ಅಂತಾರೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಲೆಕ್ಟ್ರಿಕ್ ಕಾರಿನ ಒಳಗೂ ಉಕ್ಕಿನ ಪೈಪಿನ ಗೂಡೇ ಇತ್ತು, ಮೇಲೆ ಪ್ಲಾಸ್ಟಿಕ್ ಹೊದಿಕೆ.

‘ಪೈಪು ಯಾಕ್ರಿ, ಗಟ್ಟಿ ಸರಳೇ ಹಾಕೋಣ’ ಅನ್ನೋರಿಗೆ ಒಂದು ಲೆಕ್ಕ. 25 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಸರಳು ಮೀಟರಿಗೆ ಸುಮಾರು 3.85 ಕೆ.ಜಿ. ತೂಗುತ್ತದೆ. ಅದೇ ಅಳತೆಯ, 3 ಮಿ.ಮೀ. ಗೋಡೆಯ ಪೈಪು ಸುಮಾರು 1.63 ಕೆ.ಜಿ. ತೂಕ ಅರ್ಧಕ್ಕಿಂತ ಕಡಿಮೆ, ಆದರೂ ಬಾಗದೇ ನಿಲ್ಲುವ ಬಿಗಿ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಸ್ಪರ್ಧೆಯ ಗಾಡಿಗಳಲ್ಲಿ ಚಾಲಕನ ಸುತ್ತಲಿನ ಮುಖ್ಯ ಪೈಪಿಗೂ ನಿಯಮ ಹೇಳುವುದು ಇದೇ ಅಳತೆ. ಉಕ್ಕಿನಲ್ಲಿ ಕನಿಷ್ಠ ಶೇ 0.18 ಇಂಗಾಲವೂ ಇರಬೇಕು. ಕಿಟಕಿ, ಗೇಟಿಗೆ ಹಾಕುವ ತೆಳು ಪೈಪು ಇದಕ್ಕೆ ಸಾಟಿಯಲ್ಲ.

ಹಗುರ ಗಾಡಿಗೇ ಹೆಚ್ಚು ತೊಂದರೆ

ಹಿಂದಿನ ಸಸ್ಪೆನ್ಷನ್‌ಗೆ ಸವಾಲು ಅಂದರೆ ಭಾರದ ಏರುಪೇರು. ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿ ಹಾಕಿದರೆ ಹಗುರ ಗಾಡಿ ಖಾಲಿ ಇದ್ದಾಗ ಕುಪ್ಪಳಿಸುತ್ತದೆ. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಮಾಲು ಹೇರಿದ ಕೂಡಲೇ ತಳ ಹಿಡಿಯುತ್ತದೆ.

ಒಂದು ಉದಾಹರಣೆ ತಗೋಳ್ರಿ. ಹಿಂದಿನ ಒಂದೊಂದು ಗಾಲಿಯ ಸ್ಪ್ರಿಂಗ್ ಮೇಲೆ 90 ಕೆ.ಜಿ. ಕೂತಿದೆ, ಆ ಭಾರಕ್ಕೆ ಗಾಲಿಯ ಹತ್ತಿರ 10 ಸೆಂ.ಮೀ. ಕುಸಿಯಬೇಕು ಅನ್ನೋಣ. ಆಗ ಗಾಡಿ ಸೆಕೆಂಡಿಗೆ ಸುಮಾರು ಒಂದೂವರೆ ಸಲ ತೂಗುತ್ತದೆ, ಕೂತವರಿಗೆ ಹಿತ. ಅಂದರೆ ಪ್ರತಿ ಸೆಂ.ಮೀ.ಗೆ 9 ಕೆ.ಜಿ. ಇನ್ನೂ 45 ಕೆ.ಜಿ. ಹೇರಿದರೆ ಮತ್ತೆ 5 ಸೆಂ.ಮೀ. ಇಳಿಯುತ್ತದೆ. ಗುಂಡಿಗಾಗಿ ಇದರ ಮೇಲೂ ಜಾಗ ಬಿಟ್ಟಿರಬೇಕು.

ಬಹಳ ಮಂದಿ ಎಡವೋದು ಮುಂದಿನ ಹೆಜ್ಜೆಯಲ್ಲಿ. ಗಾಲಿ ಹಿಡಿದ ತೋಳಿನ ನಟ್ಟನಡುವೆ ಸ್ಪ್ರಿಂಗ್ ಕೂರಿಸಿದರೆ ಅದರ ಮೇಲೆ ಬೀಳುವ ಭಾರ ಎರಡು ಪಟ್ಟು, 180 ಕೆ.ಜಿ. ಅದು ಒತ್ತುವ ದೂರ ಅರ್ಧ, 5 ಸೆಂ.ಮೀ. ಹಂಗಾಗಿ ಬೇಕಾಗೋದು ಸೆಂ.ಮೀ.ಗೆ 36 ಕೆ.ಜಿ.ಯ ಸ್ಪ್ರಿಂಗ್, ಅಂದರೆ ನಾಲ್ಕು ಪಟ್ಟು ಗಡಸು! ಗುಂಡಿಯ ಹೊಡೆತ ಮೂರು ಪಟ್ಟು ಅಂತ ಹಿಡಿದರೂ ಸ್ಪ್ರಿಂಗ್‌ನ ಮೇಲ್ತುದಿ 540 ಕೆ.ಜಿ. ತಡೆಯಬೇಕು. ಆ ತುದಿಯನ್ನು ಪೈಪಿನ ನಡುವೆ ಬೆಸೆಯಬಾರದು, ಎರಡು ಮೂರು ಪೈಪು ಸೇರುವ ಗಂಟಿನಲ್ಲೇ ಕೂರಿಸಬೇಕು.

ಬೈಕಿನ ಸ್ವಿಂಗ್ ಆರ್ಮ್ ಕಿತ್ತು ಹಾಗೇ ಹಾಕೋದೂ ಅಪಾಯ. ಬೈಕು ತಿರುವಿನಲ್ಲಿ ವಾಲುತ್ತದೆ, ಅದರ ತೋಳಿಗೆ ಪಕ್ಕದ ಒತ್ತಡ ಹೆಚ್ಚು ಬೀಳೋದಿಲ್ಲ. ಕಾರು ವಾಲೋದಿಲ್ಲ, ಪೂರಾ ಅಡ್ಡ ಒತ್ತಡ ತೋಳಿನ ಮೇಲೆ ಬಂದು ಅದು ಸೊಟ್ಟಗಾಗುತ್ತದೆ. ತೋಳಿನ ಬುಡದ ಎರಡು ಬುಷ್‌ಗಳ ನಡುವಿನ ಅಂತರ ಅಗಲ ಇದ್ದಷ್ಟೂ ಗಾಲಿ ನೆಟ್ಟಗಿರುತ್ತದೆ.

ರಸ್ತೆಗೆ ಇಳಿಸಬಹುದಾ?

ಇಲ್ಲ. ನೋಂದಣಿ ಇಲ್ಲದೆ ಯಾವ ಮೋಟಾರು ವಾಹನವೂ ಸಾರ್ವಜನಿಕ ರಸ್ತೆಯಲ್ಲಿ ಓಡುವಂತಿಲ್ಲ. ಹೊಸ ಮಾದರಿಯ ಗಾಡಿಗೆ ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಇರುವ ಗಾಡಿಯ ಚಾಸಿಯನ್ನೇ ಕತ್ತರಿಸಿ ಉದ್ದ ಮಾಡಿಸೋಣ ಅಂದರೆ ಅದೂ ನಡೆಯೋದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಂಗಂತ ಕಲಿಯೋದು ಬಿಡಬೇಕಿಲ್ಲ. ಸ್ವಂತ ಹೊಲದಲ್ಲಿ, ಕಾಲೇಜು ಸ್ಪರ್ಧೆಗಳಲ್ಲಿ ಗಾಡಿ ಕಟ್ಟಿ ಓಡಿಸಬಹುದು. ಮನೆಯ ಹುಡುಗರು ಇಂಥ ಹುಮ್ಮಸ್ಸಿನಲ್ಲಿದ್ದರೆ ಪೈಪು ಕೊಳ್ಳುವ ಮೊದಲು ಕಡ್ಡಿ, ಅಂಟಿನಿಂದ ಸಣ್ಣ ಮಾದರಿ ಕಟ್ಟಿ ತಿರುಚಿ ನೋಡಲು ಹೇಳ್ರಿ. ಗಾಡಿ ಆದ ಮೇಲೆ ವೇ ಬ್ರಿಡ್ಜ್‌ನಲ್ಲಿ ಮುಂದಿನ, ಹಿಂದಿನ ಗಾಲಿ ಬೇರೆ ಬೇರೆ ತೂಗಿಸಿ, ಆಮೇಲೆ ಸ್ಪ್ರಿಂಗ್ ಆರಿಸಬೇಕು. ಮೊದಲ ಓಡಾಟದಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್ ಬೇಕೇ ಬೇಕು. ಓಡಿಸಿ ಬಂದ ಪ್ರತಿ ಸಲ ವೆಲ್ಡಿಂಗ್ ಗಂಟುಗಳನ್ನು ಒರೆಸಿ, ಬಿರುಕು ಇದೆಯಾ ಅಂತ ಬ್ಯಾಟರಿ ಬಿಟ್ಟು ನೋಡ್ರಿ.